ಮುಹೂರ್ತಕ್ಕೇ ಮಲಗಿದ ರೊಟ್ಟಿ ಅಂಗಡಿ

ಯಲಬುರ್ಗಾದ ನಮ್ಮ ಮಹಿಳಾ ಸಂಘದ ಕಟಕ್ ರೊಟ್ಟಿ ಮಾರಲು ವೆಬ್‌ಸೈಟ್ ತೆರೆದ ದಿನ, ಮುಹೂರ್ತದ ಗಳಿಗೆಗೇ ಆರ್ಡರ್ ಮಾಡಿರೆಂದು ಬಳಗಕ್ಕೆಲ್ಲ ನಾನೇ ತಿಳಿಸಿದ್ದೆ. ಎಲ್ಲರೂ ಒಮ್ಮೆಲೇ ನುಗ್ಗಿದರು, ಸೈಟ್ ಮಲಗಿತು. ಇತ್ತ ರೊಟ್ಟಿಯ ರಾಶಿ ಕಾದು ಕುಳಿತಿತ್ತು. ಸೈಟ್ ಮಾಡಿಕೊಟ್ಟ ಕುಷ್ಟಗಿಯ ಸವಿತಾಗೆ ಫೋನ್ ಮಾಡಿದೆ.

"ಅಮ್ಮಾರ, ಇರೋದು ಒಂದ ಸರ್ವರ್. ಇಷ್ಟು ಮಂದೀನ ಹೆಂಗ ತಡಕೊಂತೈತ್ರಿ? ಇನ್ನೆರಡು ಸೇರಿಸಿ ಮಂದೀನ ಹಂಚತೀನಿ. ಒಂದು ತಾಸು ಕೊಡ್ರಿ."

"ಅಷ್ಟೊತ್ತಿಗೆ ರಾಹುಕಾಲ ಬರತೈತೆವ್ವಾ! ಯಾರೂ ಕೊಳ್ಳೂದಿಲ್ಲ."

"ಬರ್ಲಿ ಬಿಡ್ರಿ! ಮಂದಿ ದೂರ ಇದ್ರ ನನಗ ಕೆಲಸ ಸಲೀಸು."

ರಾಹುಕಾಲ ಮುಗಿಯುತ್ತಲೇ ಬಳಗ ಮತ್ತೆ ಒಟ್ಟಿಗೇ ನುಗ್ಗಿತು. ಮೂರೂ ಸರ್ವರ್‌ಗಳು ಹೊರೆ ಹಂಚಿಕೊಂಡು ತಡೆದುಕೊಂಡವು, ರೊಟ್ಟಿ ಖಾಲಿಯಾಯಿತು. ಮುಹೂರ್ತಕ್ಕೆ ಎಲ್ಲರೂ ಕೈಮುಗಿಯುತ್ತಾರೆ. ರಾಹುಕಾಲಕ್ಕೆ ಕೈಮುಗಿದವಳು ನಮ್ಮ ಮನೆತನದಲ್ಲಿ ಬಹುಶಃ ನಾನೊಬ್ಬಳೇ.