ಇಡೀ ಕೋಳಿಯ ಉಪ್ಪು

ಸತ್ತೇಗಾಲದ ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ನೆಂಟರೆದುರು ನನ್ನ ಕೋಳಿಸಾರು ಉಪ್ಪಾಗಿಹೋಯಿತು. ಅವತ್ತಿನಿಂದ ನಮ್ಮತ್ತೆ ಅಂಗೈ ಚಾಚಿ, "ಒಂದ್ ತೊಟ್ಟು ಬುಡವ್ವ" ಎಂದು ನೆಕ್ಕಿ ನೋಡದೆ ಯಾವ ಸಾರೂ ಒಲೆಯಿಂದ ಇಳಿದಿಲ್ಲ. ಹನ್ನೊಂದು ವರ್ಷವಾಯಿತು. ಎರಡು ಮಕ್ಕಳ ತಾಯಿಯಾದ ಮೇಲೂ ನಾನು ಹಾಕಿದ ಉಪ್ಪನ್ನು ಇನ್ನೊಬ್ಬರು ಒಪ್ಪಬೇಕೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ತಿಂಗಳು ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ಗಾಜಿನ ಪೆಟ್ಟಿಗೆಯೊಳಗೆ ಸುತ್ತುತ್ತಿದ್ದ ಕೋಳಿ ನೋಡಿ ಮಕ್ಕಳು ಹಟ ಹಿಡಿದರು. ಮನೆಯಲ್ಲೇ ಮಾಡಿಕೊಡುತ್ತೇನೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಭಾನುವಾರ ಕೋಳಿ ಅಂಗಡಿಯಲ್ಲಿ ಕತ್ತಿ ಎತ್ತಿದ್ದವನಿಗೆ, "ತುಂಡು ಮಾಡ್ಬೇಡಿ, ಇಡೀದಾಗೇ ಕೊಡಿ" ಎಂದೆ. ಅವನು "ಇಡೀದಾ?" ಎಂದು ಎರಡು ಸಲ ಕೇಳಿದ.

ಮನೆಗೆ ಬಂದು ಕೋಳಿಯ ಮೈತುಂಬ ಗೀರು ಹಾಕಿ, ಮೊಸರು, ಖಾರದ ಪುಡಿ, ಶುಂಠಿ ಬೆಳ್ಳುಳ್ಳಿ, ನಿಂಬೆರಸ ಸವರಿದೆ. ಉಪ್ಪು ಹಾಕುವಾಗ ಮಾತ್ರ ಕೈ ತಡೆಯಿತು. ಸಾರಾದರೆ ಕಮ್ಮಿಯಾದಾಗ ಸೇರಿಸಬಹುದು, ಹೆಚ್ಚಾದಾಗ ನೀರು ಬಿಡಬಹುದು. ಇದಕ್ಕೆ ಹಾಕಿದ್ದೇ ಹಾಕಿದ್ದು.

ನನ್ನ ಗಂಡ ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ, ತೆಂಗಿನ ಚಿಪ್ಪು ಸುಟ್ಟು ಕೆಂಡ ಮಾಡಿ, ಮೇಲೊಂದು ಕಬ್ಬಿಣದ ಜಾಲರಿ ಇಟ್ಟರು. ಕೊಬ್ಬು ತೊಟ್ಟಿಕ್ಕಿದಾಗಲೆಲ್ಲ ಭಗ್ಗೆಂದು ಉರಿ ಏಳುತ್ತಿತ್ತು. ನೀರು ಚಿಮುಕಿಸಿ ತಗ್ಗಿಸುತ್ತಿದ್ದೆವು. ಮೇಲೆ ಸೀದು ಒಳಗೆ ಹಸಿ ಉಳಿಯಬಾರದೆಂದು ಹಳೇ ಬಾಣಲೆ ಕವುಚಿ, ಆಗಾಗ ತಿರುವಿ ಹಾಕುತ್ತಾ ಒಂದೂವರೆ ಗಂಟೆ ಬೇಯಿಸಿದೆವು. ಮಕ್ಕಳು ಆಗಲೇ ಆಳಿಗೊಂದು ಕಾಲು ಎಂದು ಪಾಲು ಮಾಡಿಕೊಂಡಿದ್ದರು.

ಕೋಳಿಯನ್ನು ತಟ್ಟೆಗಿಟ್ಟಾಗ ಅತ್ತೆ ಬಂದು ರೂಢಿಯಂತೆ ಅಂಗೈ ಚಾಚಿದರು. ಚಾಚಿದ ಮೇಲೆ ಅವರಿಗೇ ಹೊಳೆಯಿತು.

"ಇದ್ರಲ್ಲಿ ತೊಟ್ಟು ಎಲ್ಲದವ್ವ? ಉಪ್ಪು ನೋಡದು ಎಂಗೆ?"

"ಈ ಸಲ ನೋಡಕಾಗಲ್ಲ ಅತ್ತೆ," ಎಂದೆ. ಒಳಗೊಳಗೇ ಖುಷಿಯಾಯಿತು.

ಆದರೆ ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ. ನನಗೆ ರೇಗಿತು. ಸೆರಗಿನಲ್ಲಿ ಹಿಡಿದು ಒಂದು ಕಾಲನ್ನು ತಿರುಚಿ ಕಿತ್ತು, ಆರಲು ಒಂದು ಗಳಿಗೆ ಬಿಟ್ಟು, ಆ ಅಂಗೈಗೇ ಇಟ್ಟೆ. "ತಗಳಿ, ನೋಡಿ."

ಅವರು ಚೂರು ಕಿತ್ತು ಬಾಯಿಗೆ ಹಾಕಿಕೊಂಡರು. ಇನ್ನೊಂದು ಚೂರು ತಿಂದರು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಾಲನ್ನೇ ಕಚ್ಚಿದರು. "ಅಜ್ಜೀ, ಅದು ನನ್ ಕಾಲು!" ಎಂದು ಮಗ ಕೂಗಿದ. ಮೂಳೆ ಚೀಪಿ ಮುಗಿಯುವವರೆಗೆ ಅವರು ತಲೆ ಎತ್ತಲಿಲ್ಲ.

"ಉಪ್ಪು ಸರ್ಯಾಗೇ ಅದೆ ಕಣವ್ವ," ಎಂದರು ಕೊನೆಗೆ.

ನನ್ನ ಗಂಡ ನಕ್ಕರು. "ನಿಂಗೆ ಕತ್ತಿನ ತುಂಡೇ ಇಷ್ಟ ಅಲ್ವೇನವ್ವ? ಯಾವಾಗ್ಲೂ ಅದ್ನೇ ತಿಂತಿದ್ದೆ."

"ಕಾಲೇ ಇಷ್ಟ ಕಣ್ಲಾ. ನೀ ಉಟ್ಟೋಕ್ ಮುಂಚೆ ತಿಂತಿದ್ದೆ."

ಹಾಗೆಂದು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದರು. ಒಂದೇ ಕಾಲಿನ ಕೋಳಿಯ ತಟ್ಟೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ತುಂಬಾ ನಾಚಿಕೆಯಾಯಿತು. ಮಕ್ಕಳ ತಟ್ಟೆಗೆ ಕಾಲು, ಗಂಡನ ತಟ್ಟೆಗೆ ಎದೆ, ಎಲ್ಲರದೂ ಆದ ಮೇಲೆ ಕೂರುವ ಅತ್ತೆಗೆ ಉಳಿದ ಕತ್ತು ಎಂದು ಹನ್ನೊಂದು ವರ್ಷ ಬಡಿಸಿದವಳು ನಾನೇ.