ಹೊಸ್ತಿಲ ಮುಂದೆ ನಿಂತ ಜಾಯ್‌ಸ್ಟಿಕ್

ಕಂಪ್ಯೂಟರಿನಲ್ಲಿ ತೋರಿಸಿದ ಹೊಸ ಮನೆಯ ಅಡುಗೆಕೋಣೆಗೆ ಹೋಗಲು ಕಲ್ಯಾಣದುರ್ಗದ ಯಜಮಾನರೊಬ್ಬರು ಜಾಯ್‌ಸ್ಟಿಕ್ಕನ್ನು ಒತ್ತುತ್ತಲೇ ಇದ್ದರು. ಚಿತ್ರ ಹೊಸ್ತಿಲ ಮುಂದೆ ನಿಂತುಬಿಟ್ಟಿತ್ತು.

“ಕೆಟ್ಟೋಗೈತೆ ಕಣಮ್ಮ ಇದು,” ಎಂದರು ನನಗೆ.

“ಕೆಟ್ಟಿಲ್ಲ ಕಣಣ್ಣ. ನಾನು ಹೋದ್ರೂ ಅಲ್ಲೇ ನಿಂತ್ಕಬೇಕು,” ಎಂದಳು ಗಾಲಿಕುರ್ಚಿಯಲ್ಲಿ ಕೂತಿದ್ದ ಅವರ ತಂಗಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಿಂದೂಪುರದಲ್ಲಿ ಮನೆಗಳ ನಕ್ಷೆ ಮಾಡುತ್ತಿದ್ದೆ. ಹೊಸ್ತಿಲು ಎತ್ತರವಿಲ್ಲದಿದ್ದರೆ ಲಕ್ಷ್ಮಿ ನಿಲ್ಲುವುದಿಲ್ಲ ಎಂಬುದು ಅಣ್ಣನ ಹಟ. ಜಾಯ್‌ಸ್ಟಿಕ್ ತನ್ನ ಕುರ್ಚಿಯಂತೆಯೇ ನಡೆಯಬೇಕು ಎಂಬುದು ತಂಗಿಯದು. ನನಗೂ ಹಟ ಹತ್ತಿತ್ತು. ಸಾಫ್ಟ್‌ವೇರಿನಲ್ಲಿ ನೋಟವನ್ನು ಮೊದಲೇ ಅವಳ ಕಣ್ಣಿನ ಮಟ್ಟಕ್ಕೆ ಇಳಿಸಿದ್ದೆ; ಕುರ್ಚಿಯಂತೆ ಅದೂ ಯಾವ ಹೊಸ್ತಿಲನ್ನೂ ದಾಟದ ಹಾಗೆ, ಮೆಟ್ಟಿಲು ಹತ್ತುವ ಎತ್ತರವನ್ನು ಸೊನ್ನೆ ಮಾಡಿದ್ದೆ.

ಅಣ್ಣ ಜಾಯ್‌ಸ್ಟಿಕ್ಕನ್ನು ದೇವರ ಕೋಣೆಯತ್ತ ತಿರುಗಿಸಿದರು. ಅಲ್ಲೂ ನಿಂತಿತು. ಬಚ್ಚಲಿನ ಬಾಗಿಲಲ್ಲೂ ಅಷ್ಟೇ. ಜಾಯ್‌ಸ್ಟಿಕ್ ಬಿಟ್ಟರು. ತಂಗಿಯ ಮುಖ ನೋಡದೆ, “ಎಲ್ಲಾ ಹೊಸ್ತಿಲೂ ನೆಲಕ್ಕೆ ಸಮ ಮಾಡ್ಬುಡಮ್ಮ,” ಎಂದರು.

ಗೃಹಪ್ರವೇಶಕ್ಕೆ ನಾನೂ ಹೋಗಿದ್ದೆ. ನೆಲಮಟ್ಟದ ಹೊಸ್ತಿಲಿಗೆ ಅರಿಶಿನ ಬಳಿದಿದ್ದರು. ಬಾಗಿಲ ಮುಂದೆ ಅವಳು ಕುರ್ಚಿಯನ್ನು ಕೊಂಚ ಓರೆ ಮಾಡಿಕೊಂಡು, ಬಲಗಡೆಯ ಚಕ್ರವನ್ನು ಮೊದಲು ಒಳಗಿಟ್ಟಳು.