ಗರುಡನ ಗೂಡಿನ ಕೆಳಗೆ ನಿಂತವರು

ತೊಂಡೇಬಾವಿಯ ಹತ್ತಿರ ನಮ್ಮ ಯಜಮಾನರ ಜಮೀನಿದೆ. ಅದರ ಅಂಚಿನಲ್ಲಿ ಹಳೆಯದೊಂದು ಹುಣಸೆಮರ. ಕೆರೆ ತುಂಬಿಸುವ ಯೋಜನೆಯ ಪೈಪಿನಲ್ಲಿ ನೀರು ಬಂದು ಪಕ್ಕದ ಕೆರೆ ತುಂಬಿದ ಮೇಲೆ ಅಲ್ಲಿ ಮೀನು ಹೆಚ್ಚಿತು, ಮೀನಿನ ಹಿಂದೆ ಗರುಡಗಳು ಬಂದವು. ಒಂದು ಜೋಡಿ ಆ ಮರದ ತುದಿಯಲ್ಲಿ ಗೂಡು ಕಟ್ಟಿ, ಮರಿ ಮಾಡಿ ಹೋಯಿತು. ನಾನು ಗೌರಿಬಿದನೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಅವು ಅದೇ ಗೂಡಿಗೆ ಮತ್ತೆ ಬಂದರೆ ಮರಿಗಳು ಬೆಳೆಯುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕು ಎಂಬ ಆಸೆ ನನ್ನನ್ನು ಹಿಡಿಯಿತು.

ಗೂಡಿನಲ್ಲಿ ಮೊಟ್ಟೆಯಿದ್ದಾಗ ಮರ ಹತ್ತಿದರೆ ಹಕ್ಕಿ ಬೆದರಿ ಗೂಡು ಬಿಟ್ಟುಬಿಡಬಹುದು. ಆದ್ದರಿಂದ ದೀಪಾವಳಿಗೂ ಮುಂಚೆ, ಗೂಡು ಖಾಲಿಯಿರುವಾಗಲೇ ಮರದ ಪಕ್ಕದಲ್ಲಿ ಕಂಬ ನಿಲ್ಲಿಸುವುದೆಂದು ತೀರ್ಮಾನಿಸಿದೆವು. ಬೋರ್‌ವೆಲ್‌ನಿಂದ ಎತ್ತಿ ಹಾಕಿದ್ದ ಹಳೇ ಕಬ್ಬಿಣದ ಪೈಪುಗಳು ಮನೆಯ ಹಿಂದೆ ಬಿದ್ದಿದ್ದವು. ಅವನ್ನೇ ಒಂದಕ್ಕೊಂದು ಜೋಡಿಸಿದೆವು. ಚಿಂತಾಮಣಿ ಕಡೆ ರೈತರು ಟೊಮೆಟೊ ತೋಟ ಕಾಯಲು ಹಾಕುತ್ತಾರಲ್ಲ, ಸಿಮ್ ಹಾಕಿ ಬಿಸಿಲಿನಲ್ಲೇ ಚಾರ್ಜ್ ಆಗುವ ಕ್ಯಾಮೆರಾ, ಅಂಥದೊಂದನ್ನು ಅಲ್ಲಿಂದಲೇ ತಂದೆವು. ಅದರಲ್ಲಿ ಒಂದು ಸಣ್ಣ ಸ್ಪೀಕರ್ ಕೂಡ ಇತ್ತು. ತೋಟಕ್ಕೆ ಯಾರಾದರೂ ನುಗ್ಗಿದರೆ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಗದರಿಸಬಹುದು. ನನಗೆ ಅದರ ಅಗತ್ಯವಿರಲಿಲ್ಲ.

ಮರದ ಪೂರ್ವಕ್ಕೆ ನಾನು ತೋರಿಸಿದ ಜಾಗ ಯಜಮಾನರಿಗೆ ಹಿಡಿಸಲಿಲ್ಲ.

"ಅಲ್ಲಿ ಬೇಡ ಕಣೇ. ಹಳೇ ಬಾವಿ ಮುಚ್ಚಿರೋ ಜಾಗ ಅದು, ಮಣ್ಣು ನಿಲ್ಲಲ್ಲ."

ನಾನು ಮಣ್ಣಿನ ಮಾತೆಂದೇ ತಿಳಿದೆ. ಕಂಬವನ್ನು ಇನ್ನೊಂದು ಪಕ್ಕಕ್ಕೆ ನೆಟ್ಟೆವು. ಬೋರ್‌ವೆಲ್ ಮೋಟಾರ್ ಎತ್ತುವ ಲಾರಿಯೊಂದು ಬಂದು ಅದನ್ನು ಎತ್ತಿ ನಿಲ್ಲಿಸಿತು. ಸುತ್ತಲೂ ತಂತಿ ಎಳೆದು ಗೂಟಕ್ಕೆ ಕಟ್ಟಿದೆವು. ಕ್ಯಾಮೆರಾ ಗೂಡಿಗಿಂತ ಮೇಲಿತ್ತು. ಮೊಬೈಲ್ ತೆರೆದರೆ ಕಡ್ಡಿಗಳ ತಟ್ಟೆಯಂಥ ಗೂಡು ಕಾಣುತ್ತಿತ್ತು. ಅದರಾಚೆ, ಕೊಂಬೆಗಳ ಸಂದಿಯಲ್ಲಿ, ಒಂದಿಷ್ಟು ನೆಲವೂ ಕಾಣುತ್ತಿತ್ತು. ಬಾವಿ ಮುಚ್ಚಿದ ನೆಲ.

ಸಂಕ್ರಾಂತಿಯ ಹೊತ್ತಿಗೆ ಹೆಣ್ಣು ಗರುಡ ಕಾವು ಕೂತಿತು. ಮರಿ ಹೊರಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಒಂದೇ ಮರಿ, ಹತ್ತಿಯ ಉಂಡೆಯಂತಿತ್ತು. ಆ ವಿಡಿಯೋ ಊರಿನವರ ವಾಟ್ಸಾಪ್‌ ಗುಂಪುಗಳಲ್ಲೆಲ್ಲ ಓಡಾಡಿತು.

ಅದಾಗಿ ಸ್ವಲ್ಪ ದಿನಕ್ಕೆ ಆ ಹೆಂಗಸು ಕಾಣಿಸಿಕೊಂಡರು. ಮಧ್ಯಾಹ್ನ ಊಟದ ಡಬ್ಬಿ ತೆರೆದು ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡಿದ್ದೆ. ಗೂಡಿನಾಚೆಯ ನೆಲದ ಮೇಲೆ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಸೆರಗು ತಲೆಯ ಮೇಲಿತ್ತು. ಮುಖವೆತ್ತಿ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದರು. ದಾರಿಹೋಕರಿರಬೇಕು ಅಂದುಕೊಂಡೆ. ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಬಂದರು. ಬಿಸಿಲು ನೆತ್ತಿಯ ಮೇಲಿದ್ದರೂ ಅಲುಗಾಡದೆ ನಿಂತಿದ್ದರು. ಮರಿ ಕಿರುಚಿದಾಗ ಮಾತ್ರ ತಲೆ ಸ್ವಲ್ಪ ವಾಲುತ್ತಿತ್ತು. ಯಜಮಾನರನ್ನು ಕೇಳಿದರೆ, ತೋಟದ ಕೆಲಸದವರ್ಯಾರೂ ಅಂಥವರನ್ನು ನೋಡಿಲ್ಲವಂತೆ ಅಂದರು. ಆಮೇಲೆ ಮೊಬೈಲ್ ತೆರೆಯುವಾಗಲೆಲ್ಲ ಮೊದಲು ಗೂಡನ್ನಲ್ಲ, ನೆಲವನ್ನು ನೋಡುವುದು ನನಗೆ ಅಭ್ಯಾಸವಾಯಿತು.

ಮೂರನೆಯ ಸಲ ಬಂದಾಗ ನನಗೆ ತಡೆಯಲಾಗಲಿಲ್ಲ. ಮೈಕಿನ ಗುರುತು ಒತ್ತಿ ಕೇಳಿದೆ.

"ಯಾರಮ್ಮ? ಯಾರು ಬೇಕಿತ್ತಮ್ಮ?"

ಅವರು ನಿಂತಲ್ಲೇ ಬೆಚ್ಚಿಬಿದ್ದರು. ಸೆರಗು ಜಾರಿತು. ಎರಡೂ ಕೈ ಮೇಲೆತ್ತಿ, ಏನನ್ನೋ ಇಳಿಸಿಕೊಳ್ಳುವವರಂತೆ ಚಾಚಿ ಕೂಗಿ ಹೇಳಿದರು.

"ಬಂದೆ ಕಣಮ್ಮಾ. ಇಲ್ಲೇ ಇದೀನಿ. ಎಲ್ಲಿದೀಯಮ್ಮಾ ನೀನು?"

ಆ ಪುಟ್ಟ ಸ್ಪೀಕರಿನಿಂದ, ಗಾಳಿಯಲ್ಲಿ, ನನ್ನ ಮಾತಿನ ಬಾಲವಷ್ಟೇ ಅವರಿಗೆ ಕೇಳಿಸಿರಬೇಕು. ಅಮ್ಮ ಎಂಬುದಷ್ಟೇ. ನನ್ನ ಬೆರಳು ಮೊಬೈಲಿನಿಂದ ತಾನಾಗಿಯೇ ಕಿತ್ತುಬಂತು. ಅರ್ಧ ದಿನ ರಜೆ ಹೇಳಿ ಯಜಮಾನರಿಗೆ ಫೋನ್ ಮಾಡಿದೆ. ಇಬ್ಬರೂ ಬೈಕಿನಲ್ಲಿ ಹೊರಟೆವು.

ನಾವು ಹೋದಾಗಲೂ ಅವರು ಮರದ ಬುಡದಲ್ಲಿ ಕೂತಿದ್ದರು. ದೂರದಿಂದ ನೋಡಿದ್ದೇ ಯಜಮಾನರು ಬೈಕ್ ನಿಲ್ಲಿಸಿಬಿಟ್ಟರು.

"ದೊಡ್ಡಮ್ಮ," ಎಂದು ಮೆಲ್ಲಗೆ ಕರೆದರು. "ನಾನು, ಮೇಲ್ಮನೆ ಹುಡುಗ."

ಅವರು ಬಹಳ ಹೊತ್ತು ನೋಡಿ ಗುರುತು ಹಿಡಿದರು. "ನೀನೇನಪ್ಪ. ಅವಳ ಜೊತೆ ಇಸ್ಕೂಲಿಗೆ ಹೋಗ್ತಿದ್ದೋನು."

ಆ ಹೆಂಗಸಿನ ಮಗಳ ವಿಷಯ ಮದುವೆಯಾದಾಗಿನಿಂದ ನನ್ನ ಗಂಡ ಒಮ್ಮೆಯೂ ಆಡಿರಲಿಲ್ಲ. ಅವತ್ತು ಮರದ ಕೆಳಗೆ ಕೂತು ತಾಯಿಯೇ ಹೇಳಿದರು. ಆಗ ಬಾವಿಯಲ್ಲಿ ನೀರಿತ್ತು. ಬಾವಿಯ ಮೇಲೆ ಬಾಗಿದ್ದ ಜಾಲಿಯ ತುಂಬ ಗೀಜಗನ ಗೂಡುಗಳು ತೂಗಾಡುತ್ತಿದ್ದವು. ಮಗಳು ಒಂದು ಗೂಡು ಕಿತ್ತುಕೊಳ್ಳಲು ಕಟ್ಟೆಯ ಮೇಲೆ ಹತ್ತಿ ಕೈ ಚಾಚಿದ್ದಳು. ಊಟದ ಹೊತ್ತು. ತಾಯಿ ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು.

"ಅಮ್ಮಾ ಅಂದ್ಲು. ಒಂದೇ ಸಲ," ಎಂದರು. "ಬಂದೆ ತಾಳು ಅಂದೆ ನಾನು. ಸಾಲು ಮುಗಿಸ್ಕೊಂಡು ಹೋದೆ."

ಆಮೇಲೆ ಆ ಕುಟುಂಬ ಚಿಂತಾಮಣಿಗೆ ಹೋಗಿ ನೆಲೆಸಿತಂತೆ. ಬೋರ್‌ವೆಲ್‌ಗಳು ಬಂದು ಬಾವಿ ಬತ್ತಿತು, ಮಣ್ಣು ತುಂಬಿದರು. ಹಕ್ಕಿಯ ಗೂಡು ನೋಡಲು ಆ ಜಾಗದ ಪಕ್ಕದಲ್ಲೇ ಕಂಬ ನೆಟ್ಟಿದ್ದಾರೆ ಎಂದು ಮೊಮ್ಮಗಳ ಮೊಬೈಲಿನಲ್ಲಿ ಕಂಡದ್ದೇ, ಬಸ್ಸು ಹತ್ತಿ ಬರತೊಡಗಿದ್ದರು.

"ಮಾತಾಡಿದ್ದು ನಾನೇ ಅಮ್ಮ," ಎಂದೆ. "ಕಾಲೇಜಲ್ಲಿ ಕೂತು ಮಾತಾಡಿದೆ. ನಿಮ್ಮನ್ನ ಹೆದರಿಸ್ಬೇಕು ಅಂತಲ್ಲ."

"ಗೊತ್ತು ಕಣಮ್ಮ. ಯಂತ್ರ ಅಂತ ಗೊತ್ತು." ಅವರು ನನ್ನ ಕೈ ಹಿಡಿದುಕೊಂಡರು. "ಈ ಸಲ ತಕ್ಷಣ ಬಂದೆ ಅಂದ್ನಲ್ಲ. ಅಷ್ಟೇ ಸಾಕು."

ಸಂಜೆ ಮನೆಯಲ್ಲಿ ಆ ಹೊತ್ತಿನ ರೆಕಾರ್ಡಿಂಗ್ ಹಾಕಿದೆ. ಗಾಳಿ, ಮರಿಯ ಕಿರುಚಾಟ, ಕೆಳಗೆ ನಿಂತ ಹೆಂಗಸು. ಅವರು ಬೆಚ್ಚಿಬೀಳುತ್ತಾರೆ, ಕೈಯೆತ್ತುತ್ತಾರೆ, ಬಂದೆ ಕಣಮ್ಮಾ ಎನ್ನುತ್ತಾರೆ. ಆದರೆ ನನ್ನ ದನಿ ಎಲ್ಲೂ ಇರಲಿಲ್ಲ.

"ನೀನು ಮಾತಾಡಿದ್ದು ಎಲ್ಲಿ?" ಎಂದರು ಯಜಮಾನರು.

ಸ್ಪೀಕರಿನಲ್ಲಿ ಹೋಗುವ ಮಾತನ್ನು ಆ ಕ್ಯಾಮೆರಾ ದಾಖಲಿಸುವುದಿಲ್ಲವಂತೆ. ಅಂಗಡಿಯವರನ್ನು ಕೇಳಿ ತಿಳಿದುಕೊಂಡೆ. ತಿಳಿದ ಮೇಲೂ ಸಮಾಧಾನವಾಗಲಿಲ್ಲ. ಆ ವಿಡಿಯೋದಲ್ಲಿ ತಾಯಿ ಉತ್ತರ ಕೊಡುವುದು ಯಾರಿಗೂ ಕೇಳಿಸದ ಒಂದು ಕೂಗಿಗೆ. ಯಜಮಾನರು ಎದ್ದು ಹೊರಗೆ ಹೋಗಿ ಜಗುಲಿಯ ಮೇಲೆ ಕೂತರು. "ನಾವೆಲ್ಲ ಅಲ್ಲೇ ಆಡ್ತಿದ್ವಿ. ಅವತ್ತು ನಾನು ಹೋಗಿರ್ಲಿಲ್ಲ," ಎಂದಷ್ಟೇ ಹೇಳಿದರು.

ಮತ್ತೊಂದು ಸಲ ಆ ತಾಯಿ ನಮ್ಮ ಮನೆಗೇ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಅದ್ರಲ್ಲಿ ಮಾತಾಡೋದು ಹೆಂಗಮ್ಮ? ನಂಗೊಂದ್ಸಲ ಕೊಡ್ತೀಯಾ?" ಎಂದರು.

ಗುರುತು ಒತ್ತಿ ಮೊಬೈಲನ್ನು ಅವರ ಬಾಯಿಯ ಹತ್ತಿರ ಹಿಡಿದೆ. ಅವರು ಅಳಲಿಲ್ಲ. ಹೊಲದಿಂದ ಮಗುವನ್ನು ಕರೆಯುವ ಮಾಮೂಲಿ ದನಿಯಲ್ಲಿ, "ಹೊತ್ತಾಯ್ತು, ಊಟಕ್ಕೆ ಬಾರಮ್ಮಾ," ಎಂದರು. ಪರದೆಯ ಮೇಲೆ ಗರುಡನ ಮರಿ ತಟ್ಟನೆ ಕತ್ತು ತಿರುಗಿಸಿ ಕಂಬದ ಕಡೆ ನೋಡಿತು. ಕೆಳಗೆ ಖಾಲಿ ನೆಲ. ಅವರು ಆ ನೆಲವನ್ನು ನೋಡುತ್ತಲೇ ಇದ್ದರು. ಕೊನೆಗೆ ನಾನೇ ಮೊಬೈಲ್ ಆರಿಸಿದೆ.

ಆಮೇಲೆ ಅವರು ಬರಲಿಲ್ಲ. ಯುಗಾದಿ ಕಳೆದ ಮೇಲೆ ಮರಿ ಹಾರಿತು. ಹಾರಿದ್ದನ್ನು ನಾನು ನೋಡಲಿಲ್ಲ, ಪಾಠದಲ್ಲಿದ್ದೆ. ಕಂಬ ಇಳಿಸೋಣ ಎಂದು ನಾನು ಹೇಳಿದರೂ ಯಜಮಾನರು ಇರಲಿ ಬಿಡು ಅನ್ನುತ್ತಾರೆ. ತೋಟಕ್ಕೆ ಹೋದಾಗ ಒಮ್ಮೊಮ್ಮೆ ಅವರೂ ಆ ನೆಲದ ಮೇಲೆ ನಿಂತು ಮೇಲೆ ನೋಡುವುದು ನನಗೆ ಮೊಬೈಲಿನಲ್ಲಿ ಕಾಣುತ್ತದೆ. ನಾನು ಮೈಕಿನ ಗುರುತು ಒತ್ತುವುದಿಲ್ಲ.